ಎಂಟನೇ ಅಕ್ಷರ

ಏಳು ಜಿ. ಒಂದರ ಪಕ್ಕ ಒಂದು, ನಡುವೆ ಬೇರೆ ಯಾವ ಅಕ್ಷರವೂ ಇಲ್ಲ: ಜಿ ಜಿ ಜಿ ಜಿ ಜಿ ಜಿ ಜಿ. ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನ ಡಿಎನ್‌ಎಯಲ್ಲಿ ಸುಮಾರು 1,52,000 ಅಕ್ಷರಗಳಿವೆ. ಆ ದೊಡ್ಡ ಸಂತೆಯ ಒಂದು ಮೂಲೆಯಲ್ಲಿ ಈ ಏಳು, ಸಾಹೇಬರ ಮುಂದೆ ನಿಂತ ಗುಮಾಸ್ತನ ಹಾಗೆ ಏಳು ಸಲ 'ಜೀ' ಎನ್ನುತ್ತಾ ನಿಂತಿವೆ. ವೈರಸ್ ತನ್ನ ನಕಲು ತೆಗೆಯುವಾಗ ಒಮ್ಮೊಮ್ಮೆ ಇಲ್ಲಿಗೆ ಬಂದು ಎಣಿಕೆ ತಪ್ಪುತ್ತದೆ. ಏಳು ಇರಬೇಕಾದಲ್ಲಿ ಎಂಟು ಬೀಳುತ್ತದೆ. ಅಷ್ಟೇ! ಒಂದೂವರೆ ಲಕ್ಷ ಅಕ್ಷರಗಳಲ್ಲಿ ಒಂದೇ ಒಂದು ಹೆಚ್ಚು. ಆ ಒಂದಕ್ಕೆ, ಲಕ್ಷಾಂತರ ಜೀವ ಉಳಿಸಿದ ಔಷಧಿಯೊಂದು ಬರೀ ನೀರಾಗಿಬಿಡುತ್ತದೆ.

ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎದ್ದು ನೀರು ಕುಡಿದು ಮತ್ತೆ ಓದಿದೆ. ಕಥೆ ಅಲ್ಲಿಗೇ ಮುಗಿದಿದ್ದರೆ ಮಲಗಬಹುದಿತ್ತೇನೋ. ಆ ಎಂಟನೇ ಅಕ್ಷರ ವೈರಸ್ಸಿಗೂ ಒಂದು ಉರುಳು, ಮತ್ತು ಆ ಉರುಳಿನಿಂದ ಅದು ಬಿಡಿಸಿಕೊಂಡ ಬಗೆ ಇದೆಯಲ್ಲ, ಅದನ್ನು ಓದಿದ ಮೇಲೆ ಮಲಗುವುದು ಹೇಗೆ?

ಈ ವೈರಸ್ ನಮಗೆ ಅಪರಿಚಿತವೇನಲ್ಲ. ಲೋಕದಲ್ಲಿ ಐವತ್ತು ವರ್ಷದೊಳಗಿನ ಮೂವರಲ್ಲಿ ಇಬ್ಬರ ಮೈಯಲ್ಲಿ ಅದರ ಮೊದಲ ಬಗೆ ಮನೆ ಮಾಡಿಕೊಂಡಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜ್ವರ ಬಂದು ಬಿಟ್ಟಾಗ, ಪರೀಕ್ಷೆಗೆ ನಿದ್ದೆಗೆಟ್ಟಾಗ, ಬಿಸಿಲಿನಲ್ಲಿ ಅಲೆದು ಬಂದಾಗ ತುಟಿಯ ಅಂಚಿನಲ್ಲಿ ಗೊಂಚಲು ಗುಳ್ಳೆ ಏಳುತ್ತದಲ್ಲ, ಅದೇ. 'ಉಷ್ಣ ಆಗಿದೆ, ಎಳನೀರು ಕುಡಿ' ಎಂದು ಮನೆಯಲ್ಲಿ ಹೇಳುತ್ತಾರೆ. ವಾರಕ್ಕೆ ಒಣಗುತ್ತದೆ, ಮರೆತುಹೋಗುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಅದೇ ಜಾಗದಲ್ಲಿ, ಅದೇ ಅಂಚಿನಲ್ಲಿ ಗುಳ್ಳೆ. ನಡುವಿನ ದಿನಗಳಲ್ಲಿ ಅದು ಎಲ್ಲಿಗೆ ಹೋಗಿತ್ತು?

ನರಕ್ಕೆ. ಕಿವಿಯ ಮುಂದೆ, ತಲೆಬುರುಡೆಯ ಒಳಗೆ, ಮುಖದ ಸ್ಪರ್ಶವನ್ನೆಲ್ಲ ಮಿದುಳಿಗೆ ಒಯ್ಯುವ ನರದ ಗಂಟೊಂದಿದೆ. 1905ರಷ್ಟು ಹಿಂದೆಯೇ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್, ಆ ಗಂಟಿನ ಮೇಲೆ ಶಸ್ತ್ರಚಿಕಿತ್ಸೆ ಮಾಡಿದಾಗ ರೋಗಿಗಳ ಮುಖದಲ್ಲಿ ಗುಳ್ಳೆಗಳು ಏಳುವುದನ್ನು ಕಂಡು ಬರೆದಿಟ್ಟರು. ಕತ್ತಿ ತಗುಲಿದ್ದು ಒಳಗಿನ ಗಂಟಿಗೆ, ಗುಳ್ಳೆ ಎದ್ದದ್ದು ಹೊರಗಿನ ತುಟಿಗೆ! ಅದರ ಪೂರ್ತಿ ಅರ್ಥ ಬಿಡಿಸಲು 1971ರವರೆಗೆ ಕಾಯಬೇಕಾಯಿತು. ಜ್ಯಾಕ್ ಸ್ಟೀವನ್ಸ್ ಮತ್ತು ಮಾರ್ಜರಿ ಕುಕ್ ಇಲಿಗಳ ಪಾದಕ್ಕೆ ವೈರಸ್ ತಗುಲಿಸಿದರು. ಇಲಿಗಳು ಗುಣವಾದವು. ಆಮೇಲೆ ಅವುಗಳ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ತೆಗೆದು ಅರೆದು ನೋಡಿದರೆ ವೈರಸ್ಸೇ ಇಲ್ಲ. ಅರೆಯದೆ, ಪೋಷಕ ದ್ರವದಲ್ಲಿ ಜೀವಂತ ಇಟ್ಟು ಕೆಲವು ದಿನ ಕಾದರು. ಬಂತು! ವೈರಸ್ ಸತ್ತಿರಲಿಲ್ಲ, ಓಡಿಯೂ ಹೋಗಿರಲಿಲ್ಲ. ಡಿಎನ್‌ಎಯ ಒಂದು ಸುರುಳಿಯಾಗಿ, ನರಕೋಶದ ನಡುಮನೆಯಲ್ಲಿ ಮಲಗಿತ್ತು.

ಆ ಗಂಟಿನಿಂದ ಒಂದು ದಾರಿ ತುಟಿಗೆ, ಇನ್ನೊಂದು ದಾರಿ ಮಿದುಳಿಗೆ. ಯಾವಾಗಲೋ ಒಮ್ಮೆ, ಲಕ್ಷಾಂತರ ಜನರಲ್ಲಿ ಯಾರೋ ಒಬ್ಬರಲ್ಲಿ, ವೈರಸ್ ಮಿದುಳು ಸೇರುತ್ತದೆ. ಕಿವಿಯ ಹಿಂದುಮುಂದಿನ ಭಾಗ, ಎಂದರೆ ನೆನಪು, ಮಾತು, ವಾಸನೆಗಳಿಗೆ ಸಂಬಂಧಪಟ್ಟ ಭಾಗವೇ ಅದಕ್ಕೆ ಹೆಚ್ಚು ಪ್ರಿಯ. ಜ್ವರ, ತಲೆನೋವು; ಆಮೇಲೆ ಮನುಷ್ಯ ಅಸಂಬದ್ಧ ಮಾತಾಡತೊಡಗುತ್ತಾನೆ, ಇಲ್ಲದ ವಾಸನೆ ಬರುತ್ತಿದೆ ಎನ್ನುತ್ತಾನೆ, ಹೆಂಡತಿಯ ಹೆಸರು ಮರೆಯುತ್ತಾನೆ, ಫಿಟ್ಸ್ ಬರುತ್ತದೆ. ಚಿಕಿತ್ಸೆ ಇಲ್ಲದ ಕಾಲದಲ್ಲಿ ಇಂಥ ಮಿದುಳುಜ್ವರ ಬಂದ ನೂರು ಮಂದಿಯಲ್ಲಿ ಸುಮಾರು 70 ಮಂದಿ ಉಳಿಯುತ್ತಿರಲಿಲ್ಲ.

ಆ ಚಿಕಿತ್ಸೆಯನ್ನು ತರಲು ಈ ಕಥೆಗೆ ಬರುವ ಮಹಿಳೆ ಒಂದು ಕಾಲಕ್ಕೆ ಉಪ್ಪಿನಕಾಯಿಯ ಹುಳಿ ಅಳೆಯುತ್ತಿದ್ದವರು!

ಗರ್ಟ್ರೂಡ್ ಎಲಿಯನ್, ಹುಟ್ಟಿದ್ದು 1918ರಲ್ಲಿ ನ್ಯೂಯಾರ್ಕಿನಲ್ಲಿ. ಹದಿನೈದನೇ ವಯಸ್ಸಿನಲ್ಲಿ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ನೋಡಿ ರಸಾಯನಶಾಸ್ತ್ರ ಹಿಡಿದವರು. 1937ರಲ್ಲಿ ಪದವಿ ಮುಗಿಸಿದಾಗ ಹೆಣ್ಣುಮಗಳಿಗೆ ಲ್ಯಾಬಿನಲ್ಲಿ ಕೆಲಸ ಕೊಡುವವರಿರಲಿಲ್ಲ. ಶಾಲೆಯಲ್ಲಿ ಪಾಠ ಮಾಡಿದರು. ಆಹಾರ ಪರೀಕ್ಷೆಯ ಕೆಲಸ ಹಿಡಿದು ಉಪ್ಪಿನಕಾಯಿ ಎಷ್ಟು ಹುಳಿಯಾಗಿದೆ, ಮೇಯೊನೀಸಿಗೆ ಹೋಗುವ ಮೊಟ್ಟೆಯ ಹಳದಿಗೆ ಬಣ್ಣ ಸರಿಯಿದೆಯೇ ಎಂದು ನೋಡಿದರು. 1944ರಲ್ಲಿ ಬರೋಸ್ ವೆಲ್ಕಮ್ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಕೈಕೆಳಗೆ ಸೇರಿದರು. ಪಿಎಚ್.ಡಿ. ಕೊನೆಗೂ ಮಾಡಲಿಲ್ಲ. 1988ರಲ್ಲಿ ನೊಬೆಲ್ ಬಂತು.

ಅವರ ಕೆಲಸದ ಒಟ್ಟು ಸೂತ್ರ ಸರಳ: ಡಿಎನ್‌ಎಯ ಅಕ್ಷರಗಳಿಗೆ ಖೋಟಾ ಅಕ್ಷರ ತಯಾರಿಸುವುದು. ನೋಡಲು ಅಸಲಿಯಂತೆ, ಬಳಸಿದರೆ ಕೆಲಸ ಕೆಡಿಸುವಂತೆ. 1948ರಲ್ಲೇ ಅವರ ಒಂದು ಖೋಟಾ ಅಕ್ಷರ ಸಿಡುಬಿನ ಜಾತಿಯ ವೈರಸ್ಸನ್ನು ತಡೆದಿತ್ತು, ಆದರೆ ದೇಹಕ್ಕೆ ವಿಷವಾಗಿತ್ತು; ಬದಿಗಿಟ್ಟರು. ಇಪ್ಪತ್ತು ವರ್ಷ ಅದು ಬದಿಯಲ್ಲೇ ಇತ್ತು. ಅಷ್ಟರಲ್ಲಿ ಬೇರೆಲ್ಲಿಂದಲೋ ಒಂದು ಸುಳಿವು ಬಂದಿತ್ತು, ಸಮುದ್ರದ ತಳದಿಂದ! ಫ್ಲಾರಿಡಾದ ಕರಾವಳಿಯ ಒಂದು ಸ್ಪಂಜಿನಲ್ಲಿ ವಿಚಿತ್ರವಾದ ಅಕ್ಷರಗಳಿವೆ, ಅವುಗಳ ಸಕ್ಕರೆಯ ಭಾಗ ನಮ್ಮದರಂತಿಲ್ಲ ಎಂದು ವರ್ನರ್ ಬರ್ಗ್‌ಮನ್ ಮತ್ತು ರಾಬರ್ಟ್ ಫೀನಿ 1951ರಲ್ಲಿ ವರದಿ ಮಾಡಿದ್ದರು. ಸಕ್ಕರೆ ಬದಲಿಸಿದರೂ ಅಕ್ಷರ ಅಕ್ಷರವೇ ಎಂದು ಜೀವಕೋಶ ನಂಬುತ್ತದೆ ಎಂದಾಯಿತು. ಆ ದಾರಿಯಲ್ಲಿ ಹುಟ್ಟಿದ ವಿಡರಾಬಿನ್ ಎಂಬುದೇ ಮಿದುಳಿನ ಹರ್ಪಿಸ್ಸಿಗೆ ಕೆಲಸ ಮಾಡಿದ ಮೊದಲ ಔಷಧಿ.

ಎಲಿಯನ್ ಅವರ ತಂಡ ಒಂದು ಹೆಜ್ಜೆ ಮುಂದೆ ಹೋಯಿತು. ಸಕ್ಕರೆಯನ್ನು ಬದಲಿಸುವ ಗೊಡವೆಯೇ ಬೇಡ, ಅರ್ಧ ಮುರಿದುಬಿಟ್ಟರೆ? ಹೋವರ್ಡ್ ಶೇಫರ್ ಹಾಗೆ ಮಾಡಿದರು. ಬಳೆಯಂತಿದ್ದ ಸಕ್ಕರೆಯ ಉಂಗುರದ ಜಾಗದಲ್ಲಿ ಒಂದು ತುಂಡು ಬಾಲ. ಉಂಗುರವಿಲ್ಲದ್ದು ಎಂಬ ಅರ್ಥದಲ್ಲೇ ಅದಕ್ಕೆ ಅಸೈಕ್ಲೋವಿರ್ ಎಂದು ಹೆಸರಾಯಿತು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಯಾವುದರ ಖೋಟಾ ಗೊತ್ತೇ? ಜಿ! ಅಸೈಕ್ಲೋವಿರ್ ಎಂದರೆ ಬಾಲ ಮುರಿದ ಜಿ. ಇದನ್ನು ನೆನಪಿಟ್ಟುಕೊಳ್ಳಿ.

ಈ ಖೋಟಾ ಜಿ ಒಂದು ವಿಚಿತ್ರ ಮಾಡಿತು. ಆರೋಗ್ಯವಂತ ಕೋಶಕ್ಕೆ ಹಾಕಿದರೆ ಸುಮ್ಮನೆ ಇರುತ್ತದೆ. ಹರ್ಪಿಸ್ ಹೊಕ್ಕ ಕೋಶಕ್ಕೆ ಹಾಕಿದರೆ ವೈರಸ್ಸಿನ ಕಥೆ ಮುಗಿಯುತ್ತದೆ. ಏಕೆ? 1978ರ ಹೊತ್ತಿಗೆ ಜೇಮ್ಸ್ ಫೈಫ್ ಮತ್ತು ಸಂಗಡಿಗರು ಅದನ್ನು ಬಿಡಿಸಿದರು. ಅಕ್ಷರವೊಂದು ಡಿಎನ್‌ಎ ಸಾಲಿಗೆ ಸೇರಬೇಕಾದರೆ ಅದರ ಬೆನ್ನಿಗೆ ಮೂರು ಫಾಸ್ಫೇಟ್ ಕಟ್ಟಬೇಕು. ನಮ್ಮ ಕೋಶಕ್ಕೆ ಈ ಮುರುಕು ಜಿಯ ಗುರುತೇ ಹತ್ತುವುದಿಲ್ಲ. ಮೊದಲ ಫಾಸ್ಫೇಟ್ ಕಟ್ಟುವುದೇ ಇಲ್ಲ. ಆದರೆ ಹರ್ಪಿಸ್ ತನ್ನದೇ ಒಂದು ಕಿಣ್ವ ತಂದಿರುತ್ತದೆ, ಥೈಮಿಡಿನ್ ಕೈನೇಸ್ ಅಂತ. ಅದು ಕೈಗೆ ಸಿಕ್ಕಿದ್ದಕ್ಕೆಲ್ಲ ಫಾಸ್ಫೇಟ್ ಕಟ್ಟುವ ಆತುರಗಾರ. ಮುರುಕು ಜಿ ಸಿಕ್ಕಿತೋ, ಅದಕ್ಕೂ ಒಂದು ಕಟ್ಟಿತು. ಉಳಿದ ಎರಡನ್ನು ಕೋಶವೇ ಕಟ್ಟುತ್ತದೆ. ಈಗ ಅದು ವೈರಸ್ಸಿನ ಡಿಎನ್‌ಎ ಸಾಲಿಗೆ ಹೋಗಿ ಕೂರುತ್ತದೆ, ಬಾಲ ಮುರಿದಿರುವುದರಿಂದ ಅದರ ಮುಂದೆ ಇನ್ನೊಂದು ಅಕ್ಷರ ಜೋಡಿಸಲು ಕೊಕ್ಕೆಯೇ ಇಲ್ಲ. ಸಾಲು ಅಲ್ಲಿಗೇ ತುಂಡು! ಸೋಂಕಿರುವ ಕೋಶದಲ್ಲಿ ಹೀಗೆ ಸಜ್ಜಾದ ಔಷಧಿ, ಸೋಂಕಿಲ್ಲದ ಕೋಶದಲ್ಲಿ ಇರುವುದಕ್ಕಿಂತ 40ರಿಂದ 100 ಪಟ್ಟು ಹೆಚ್ಚು. ಕಳ್ಳ ತಾನೇ ಬೇಡಿ ತೊಡಿಸಿಕೊಳ್ಳುವ ಹಾಗೆ, ವೈರಸ್ಸೇ ತನ್ನ ಕೈಯಾರೆ ವಿಷವನ್ನು ತಯಾರಿಸಿಕೊಳ್ಳುತ್ತದೆ.

1986ರಲ್ಲಿ ರಿಚರ್ಡ್ ವಿಟ್ಲಿ ಅವರ ತಂಡ ಮಿದುಳಿನ ಹರ್ಪಿಸ್ ರೋಗಿಗಳ ಲೆಕ್ಕ ಕೊಟ್ಟಿತು. ಸ್ಪಂಜಿನ ನೆಂಟ ವಿಡರಾಬಿನ್ ಪಡೆದವರಲ್ಲಿ ನೂರಕ್ಕೆ 54 ಮಂದಿ ಸತ್ತರು, ಅಸೈಕ್ಲೋವಿರ್ ಪಡೆದವರಲ್ಲಿ 28. ಇಂದಿಗೂ ಮಿದುಳುಜ್ವರದ ಅನುಮಾನ ಬಂದ ಕೂಡಲೇ, ವರದಿ ಬರುವ ಮೊದಲೇ ವೈದ್ಯರು ಏರಿಸುವ ಬಾಟಲಿ ಇದೇ. ಎಂಟು ಗಂಟೆಗೊಮ್ಮೆ, ಎರಡು ಮೂರು ವಾರ. ಅವಸರದಲ್ಲಿ ಹರಿಬಿಡುವಂತಿಲ್ಲ, ಒಂದು ಗಂಟೆ ಹಿಡಿದು ನಿಧಾನವಾಗಿ ಇಳಿಸಬೇಕು, ರೋಗಿಗೆ ಸಾಕಷ್ಟು ನೀರಿನಂಶ ಹೋಗಬೇಕು. ಇಲ್ಲದಿದ್ದರೆ ಔಷಧಿ ಮೂತ್ರಪಿಂಡದ ಸಣ್ಣ ನಳಿಕೆಗಳಲ್ಲಿ ಹರಳುಗಟ್ಟುತ್ತದೆ. ಅಂಥ ಹರಳುಗಳು ಸೂಕ್ಷ್ಮದರ್ಶಕದ ಕೆಳಗೆ ಕಾಣುವುದು ಸೂಜಿಗಳ ಹಾಗೆ, ಕತ್ತಲಲ್ಲಿ ಹೊಳೆಯುವ ಸೂಜಿಗಳು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇದೇ ಎಲಿಯನ್ ಅವರ ಲ್ಯಾಬಿನಿಂದ ಮೊದಲೇ ಇನ್ನೊಂದು ಖೋಟಾ ಅಕ್ಷರ ಹೊರಬಿದ್ದಿತ್ತು: ಅಜಥಯೊಪ್ರಿನ್. ದೇಹದ ಕಾವಲುಪಡೆಯನ್ನು ಮಂಕಾಗಿಸುವ ಔಷಧಿ ಅದು. ಬ್ರಿಟನ್ನಿನ ರಾಯ್ ಕಾಲ್ನ್ ಅದನ್ನು ಕೊಟ್ಟು ನಾಯಿಗಳಿಗೆ ಕಿಡ್ನಿ ಕಸಿ ಮಾಡಿ ಉಳಿಸಿದರು. ಅವುಗಳಲ್ಲಿ ಲಾಲಿಪಾಪ್ ಎಂಬ ಒಂದು ನಾಯಿ ಹೆಸರುವಾಸಿಯಾಯಿತು. 1962ರಲ್ಲಿ ಬಾಸ್ಟನ್ನಿನ ಜೋಸೆಫ್ ಮರ್ರಿ ಅದೇ ಔಷಧಿಯ ಬಲದ ಮೇಲೆ, ರಕ್ತಸಂಬಂಧವಿಲ್ಲದ ಮೃತ ವ್ಯಕ್ತಿಯ ಕಿಡ್ನಿಯನ್ನು ಮನುಷ್ಯನಿಗೆ ಕಸಿ ಮಾಡಿದರು, ಅದು ವರ್ಷದ ಮೇಲೆ ಕೆಲಸ ಮಾಡಿತು. ಇವತ್ತು ಕರ್ನಾಟಕದಲ್ಲಿ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಿಡ್ನಿಗೆ ಕಾಯುವವರ ಆಸೆಯ ಬೇರು ಅಲ್ಲಿದೆ. ಆದರೆ ಕಾವಲುಪಡೆ ನಿದ್ದೆಹೋದ ಮೈಯಲ್ಲಿ ನರಗಂಟಿನೊಳಗಿನ ವೈರಸ್ ಏಳುತ್ತದೆ. ಏಳಲು ಬಿಟ್ಟ ಔಷಧಿಯೂ ಎದ್ದದ್ದನ್ನು ಮಲಗಿಸುವ ಔಷಧಿಯೂ ಒಂದೇ ಮಹಿಳೆಯ ಮೇಜಿನಿಂದ ಬಂದದ್ದು! ಬೇಕೆಂದು ಕಾದಂಬರಿ ಬರೆದರೂ ಇಂಥ ಹೆಣಿಗೆ ಬಂದೀತೇ?

ಅಸೈಕ್ಲೋವಿರ್ ಮಾರುಕಟ್ಟೆಗೆ ಬಂದ 1982ರಲ್ಲೇ, ನಿರೋಧಕ ಶಕ್ತಿ ಕುಂದಿದ ರೋಗಿಗಳಲ್ಲಿ ಅದಕ್ಕೆ ಬಗ್ಗದ ಹರ್ಪಿಸ್ ಕಾಣಿಸಿಕೊಂಡ ವರದಿಗಳು ಬಂದವು. ಗಟ್ಟಿಮುಟ್ಟಾದವರಲ್ಲಿ ಇಂಥ ವೈರಸ್ ಸಿಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ನಿರೋಧಕ ಶಕ್ತಿ ಇಲ್ಲದವರಲ್ಲಿ ಅದರ ಹಲವು ಪಟ್ಟು, ಅಸ್ಥಿಮಜ್ಜೆ ಕಸಿಯಾದವರಲ್ಲಿ ಇನ್ನೂ ಹೆಚ್ಚು. ಬಹುತೇಕ ಇವು ಬಾಯಿಯ, ಚರ್ಮದ ಹುಣ್ಣುಗಳು. ಮಿದುಳಿನಲ್ಲಿ ಬಲು ಅಪರೂಪ, ಆದರೆ ಆಗಿದೆ. ಆದಾಗ ಗುರುತಿಸುವುದೂ ಕಷ್ಟ. ಸೊಂಟದಲ್ಲಿ ಸೂಜಿ ಹಾಕಿ ಬೆನ್ನುಹುರಿಯ ದ್ರವ ತೆಗೆದರೆ ಅದು ತೊಟ್ಟು ತೊಟ್ಟಾಗಿ ಸಣ್ಣ ಬಾಟಲಿಗೆ ಬೀಳುತ್ತದೆ, ನೋಡಲು ಬರೀ ನೀರು. ಸಾಮಾನ್ಯವಾಗಿ ಸೋಂಕಿದ್ದರೆ ಅದರಲ್ಲಿ ಬಿಳಿ ರಕ್ತಕಣಗಳು ತುಂಬಿರುತ್ತವೆ. ಈ ರೋಗಿಗಳಲ್ಲಿ ಸೈನ್ಯವೇ ಇಲ್ಲ, ಯುದ್ಧದ ಗದ್ದಲ ಎಲ್ಲಿಂದ ಬರಬೇಕು? ದ್ರವ ತಿಳಿಯಾಗಿಯೇ ಇರುತ್ತದೆ, ಒಳಗೆ ಊರು ಉರಿಯುತ್ತಿರುತ್ತದೆ.

ವೈರಸ್ ತಪ್ಪಿಸಿಕೊಂಡದ್ದು ಹೇಗೆ? ಬೇಡಿ ತೊಡಿಸುವ ಕೈಯನ್ನೇ ಕತ್ತರಿಸಿಕೊಂಡು! ಅಸೈಕ್ಲೋವಿರ್‌ಗೆ ಬಗ್ಗದ ನೂರು ವೈರಸ್ಸುಗಳಲ್ಲಿ ಸುಮಾರು 95ರಲ್ಲಿ ಕೆಟ್ಟಿರುವುದು ಆ ಥೈಮಿಡಿನ್ ಕೈನೇಸ್ ಕಿಣ್ವದ ಜೀನ್. ಕಿಣ್ವ ಇಲ್ಲವೆಂದ ಮೇಲೆ ಖೋಟಾ ಜಿಗೆ ಮೊದಲ ಫಾಸ್ಫೇಟ್ ಕಟ್ಟುವವರಿಲ್ಲ. ಔಷಧಿ ಕೋಶದೊಳಗೆ ಬಂದು ಸುಮ್ಮನೆ ಓಡಾಡಿಕೊಂಡಿರುತ್ತದೆ. ಜೀನ್ ಎಲ್ಲಿ ಕೆಟ್ಟಿದೆ ಎಂದು ಹುಡುಕಿದರೆ ಸುಮಾರು ಅರ್ಧದಷ್ಟು ಸಲ ಬೆರಳು ಹೋಗಿ ನಿಲ್ಲುವುದು ಒಂದೇ ಅಕ್ಷರ ಸಾಲಾಗಿ ಬಂದಿರುವ ಜಾಗಗಳಲ್ಲಿ. ಅವುಗಳಲ್ಲಿ ಮುಖ್ಯವಾದದ್ದು ಆ ಏಳು ಜಿ.

ಕಣದಲ್ಲಿ ರಾಗಿ ಅಳೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಳಗ ತುಂಬಿ ಸುರಿಯುತ್ತ 'ಲಾಭ, ಎರಡು, ಮೂರು' ಎಂದು ರಾಗವಾಗಿ ಎಣಿಸುತ್ತಾರೆ. ಸುರಿದ ಪ್ರತಿ ಕೊಳಗವೂ ಒಂದೇ ಥರ. ಯಾರಾದರೂ ನಡುವೆ ಮಾತಾಡಿಸಿದರೋ, ಆರಾಯಿತೇ ಏಳಾಯಿತೇ ಎಂದು ಅಳೆಯುವವನೇ ತಬ್ಬಿಬ್ಬು. ವೈರಸ್ಸಿನ ಪ್ರತಿ ತೆಗೆಯುವ ಯಂತ್ರಕ್ಕೂ ಆಗುವುದು ಇದೇ. ಎಂಟು ಬರೆದುಬಿಡುತ್ತದೆ. ಖೋಟಾ ಜಿಯಿಂದ ಪಾರಾಗಲು ಒಂದು ಹೆಚ್ಚುವರಿ ಅಸಲಿ ಜಿ! ಪ್ರಕೃತಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಒಂದು ಅಕ್ಷರ ಹೆಚ್ಚಾದರೆ ಇಡೀ ಕಿಣ್ವವೇಕೆ ಕೆಡಬೇಕು? ರೈಬೋಸೋಮ್, ಎಂದರೆ ಜೀನಿನ ಬರಹ ಓದಿ ಪ್ರೋಟೀನ್ ಕಟ್ಟುವ ಯಂತ್ರ, ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ, ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. 'ಕಮಲ ಹಣತೆ ಹಿಡಿದು ಮನೆಗೆ ನಡೆದು ಬರಲು' ಎಂಬ ಸಾಲು ಇದೆಯೆನ್ನಿ, ಪ್ರತಿ ಪದಕ್ಕೂ ಮೂರೇ ಅಕ್ಷರ. ಮೊದಲ ಪದದಲ್ಲಿ ಒಂದು 'ಮ' ಹೆಚ್ಚಾಗಲಿ. ಈಗ ಮೂರು ಮೂರಾಗಿ ಓದಿ: 'ಕಮಮ ಲಹಣ ತೆಹಿಡಿ ದುಮನೆ ಗೆನಡೆ ದುಬರ ಲು'. ಕಮಲಳೂ ಹೋದಳು, ಹಣತೆಯೂ ಹೋಯಿತು. ಹೀಗೆ ಓದಿ ಕಟ್ಟಿದ ಕಿಣ್ವ ಎಲ್ಲೋ ಅರ್ಧಕ್ಕೆ ಮುರಿದ ಕಸ.

ಇಲ್ಲಿಯವರೆಗೆ ಗೆಲುವು ವೈರಸ್ಸಿನದು. ಆದರೆ ಅದು ಕತ್ತರಿಸಿಕೊಂಡ ಕೈ ಸುಮ್ಮನೆ ಇದ್ದದ್ದಲ್ಲ. ನರಕೋಶ ನಮ್ಮ ಮೈಯ ವಿಚಿತ್ರ ಕೋಶ: ಅದು ಒಡೆದು ಎರಡಾಗುವುದಿಲ್ಲ, ಹಾಗಾಗಿ ಅದರ ಉಗ್ರಾಣದಲ್ಲಿ ಡಿಎನ್‌ಎ ಕಟ್ಟುವ ಸಾಮಾನು ಕಡಿಮೆ. ಅಂಥ ಬಡವರ ಮನೆಯಲ್ಲಿ ಎದ್ದು ಅಡುಗೆ ಮಾಡಬೇಕಾದರೆ ವೈರಸ್ ತನ್ನ ಸಾಮಾನು ತಾನೇ ಹೊಂದಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಕಿಣ್ವ ಅದೇ, ಥೈಮಿಡಿನ್ ಕೈನೇಸ್. 1989ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಡೊನಾಲ್ಡ್ ಕೋಯನ್ ಅವರ ತಂಡ ಇಲಿಗಳಲ್ಲಿ ತೋರಿಸಿತು: ಈ ಕಿಣ್ವವಿಲ್ಲದ ವೈರಸ್ ಮುಖದ ನರಗಂಟಿಗೆ ಹೋಗುತ್ತದೆ, ಮಲಗುತ್ತದೆ, ಆದರೆ ಏಳುವುದಿಲ್ಲ. ಬೇಡಿಯಿಂದ ತಪ್ಪಿಸಿಕೊಂಡ ಕಳ್ಳ ಕುಂಭಕರ್ಣನಾದ. ಎಬ್ಬಿಸಲು ಡೋಲು ಬಾರಿಸಿದರೂ ಪ್ರಯೋಜನವಿಲ್ಲದ ಕುಂಭಕರ್ಣ.

ಹಾಗಿದ್ದರೆ ಔಷಧಿಗೆ ಬಗ್ಗದ ಹರ್ಪಿಸ್ ಒಂದು ಸಲ ಬಂದು ಹೋಗಬೇಕು, ನರದಿಂದ ಮತ್ತೆ ಎದ್ದು ಬರಬಾರದು. ಆದರೆ ಎದ್ದು ರೋಗ ತರುವ ಶಕ್ತಿಯಿರುವ, ಔಷಧಿಗೂ ಬಗ್ಗದ ವೈರಸ್ಸೊಂದು ರೋಗಿಯೊಬ್ಬರಿಂದ ಸಿಕ್ಕಿತು. ಅದರ ಕಿಣ್ವದ ಕೆಲಸವನ್ನು ಅಳೆದರೆ ಸೊನ್ನೆ. ಜೀನ್ ಓದಿದರೆ ಅದೇ: ಏಳರ ಜಾಗದಲ್ಲಿ ಎಂಟು ಜಿ. ಕಿಣ್ವ ಸತ್ತಿದೆ, ವೈರಸ್ಸಿನ ಕಸುವು ಸತ್ತಿಲ್ಲ. ಇದು ಹೇಗೆ?

1994ರಲ್ಲಿ ಅದೇ ಕೋಯನ್ ಅವರ ಲ್ಯಾಬಿನಿಂದ ಉತ್ತರ ಬಂತು. ರೈಬೋಸೋಮ್ ಕೂಡ ಎಡವುತ್ತದೆ! ಎಂಟು ಜಿಗಳ ಮೇಲೆ ನಡೆಯುತ್ತ ಬಂದ ಅದು, ತೀರಾ ಅಪರೂಪಕ್ಕೆ ಒಮ್ಮೆ, ಜಾರಿ ಒಂದು ಅಕ್ಷರ ಹಾರಿಬಿಡುತ್ತದೆ. ಹಾರಿದ ಕೂಡಲೇ ಲೆಕ್ಕ ಸರಿಯಾಯಿತು; ಅಲ್ಲಿಂದ ಮುಂದೆ ಹಣತೆಯೂ ಇದೆ, ಮನೆಯೂ ಇದೆ, ಕಮಲ ನಡೆದು ಬರುತ್ತಾಳೆ. ಬರೆಯುವಾಗ ಆದ ತಪ್ಪನ್ನು ಓದುವಾಗ ಆದ ಇನ್ನೊಂದು ತಪ್ಪು ತಿದ್ದಿತು! ಹೀಗೆ ಹುಟ್ಟುವ ಸರಿಯಾದ ಕಿಣ್ವ ಎಷ್ಟು ಸ್ವಲ್ಪವೆಂದರೆ ಸಾಮಾನ್ಯ ಅಳತೆಗೆ ಸಿಗದಷ್ಟು. ಔಷಧಿಗೆ ಬೇಡಿ ತೊಡಿಸಿಕೊಳ್ಳಲು ಅದು ಸಾಲದು. ನರಕೋಶದೊಳಗೆ ಕಣ್ಣು ಬಿಟ್ಟು ಏಳಲು ಅಷ್ಟೇ ಸಾಕು. ಸೊನ್ನೆಗೂ ಸ್ವಲ್ಪಕ್ಕೂ ನಡುವಿನ ಆ ಕೂದಲೆಳೆಯ ಸಂದಿಯಲ್ಲಿ ವೈರಸ್ ತನ್ನ ಬದುಕನ್ನು ಹೂಡಿಕೊಂಡಿದೆ.

ಇದನ್ನು ಯಾರೂ ಯೋಜಿಸಲಿಲ್ಲ ಎಂಬುದೇ ನನಗೆ ಜೀರ್ಣವಾಗದ ಸಂಗತಿ. ವೈರಸ್ಸಿಗೆ ಬುದ್ಧಿಯಿಲ್ಲ, ನೆನಪಿಲ್ಲ, ಲೆಕ್ಕ ಹಾಕುವ ಬೆರಳಿಲ್ಲ. ಕೋಟಿಗಟ್ಟಲೆ ಪ್ರತಿ ತೆಗೆಯುತ್ತದೆ, ಅವುಗಳಲ್ಲಿ ಕೆಲವು ತಪ್ಪುತ್ತವೆ. ಗಟ್ಟಿಯಾದ ದೇಹದಲ್ಲಿ ಆ ತಪ್ಪುಗಳನ್ನು ಕಾವಲುಪಡೆ ಗುಡಿಸಿ ಹಾಕುತ್ತದೆ. ಕಾವಲಿಲ್ಲದ ದೇಹದಲ್ಲಿ ತಪ್ಪಿಗೂ ಬಾಳಲು ಸಮಯ ಸಿಗುತ್ತದೆ.

ಮಿದುಳು ಈ ಸಮಯವನ್ನು ಇನ್ನಷ್ಟು ಕೊಡುತ್ತದೆ. ರಕ್ತನಾಳಗಳಿಗೂ ಮಿದುಳಿಗೂ ನಡುವೆ ಒತ್ತಾಗಿ ಹೆಣೆದ ಕೋಶಗಳ ಗೋಡೆಯಿದೆ. ವಿಷ ಒಳಗೆ ಬರದಿರಲೆಂದು ಕಟ್ಟಿದ್ದು. ಔಷಧಿಯನ್ನೂ ಅದು ಬಾಗಿಲಲ್ಲೇ ನಿಲ್ಲಿಸಿ ಅರ್ಧವನ್ನು ಹಿಂದೆ ಕಳಿಸುತ್ತದೆ. ಅರೆಬರೆ ಔಷಧಿಯ ನಡುವೆ ಬೆಳೆದ ವೈರಸ್ ನಿಧಾನವಾಗಿ ಪಳಗುತ್ತದೆ. ಎಚ್‌ಐವಿಯಲ್ಲಿ ಇದು ಢಾಳಾಗಿ ಕಂಡಿದೆ: ಮಾತ್ರೆ ತಪ್ಪಿಸದ ರೋಗಿ, ರಕ್ತ ಪರೀಕ್ಷಿಸಿದರೆ ವೈರಸ್ಸಿನ ಸುಳಿವಿಲ್ಲ, ಆದರೂ ಮರೆವು, ನಡುಕ, ತೊದಲು. ಬೆನ್ನುಹುರಿಯ ದ್ರವ ನೋಡಿದರೆ ಅಲ್ಲಿ ವೈರಸ್ ಜೋರಾಗಿದೆ, ಔಷಧಿಗೆ ಬಗ್ಗದಂಥ ಬದಲಾವಣೆಗಳನ್ನೂ ಹೊತ್ತುಕೊಂಡಿದೆ. ಭಾರತದಿಂದಲೂ ಇಂಥ ವರದಿಗಳು ಬಂದಿವೆ. ಒಂದೇ ಮೈ, ಎರಡು ವೈರಸ್. ಗೋಡೆಯ ಆಚೆಗೊಂದು ಈಚೆಗೊಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಮಂಡಲದ ವೈರಸ್ಸುಗಳಿಗೆಂದೇ ಒಂದು ವಿಭಾಗವಿದೆ. ಮಿದುಳಿನ ಸೋಂಕಿಗೆ ಅಂಥ ಪ್ರತ್ಯೇಕ ಅಡ್ಡೆ ಏಕೆ ಬೇಕೆಂದು ಮೊದಲು ನನಗೆ ತಿಳಿದಿರಲಿಲ್ಲ. ಈಗ ತಿಳಿಯಿತು: ರಕ್ತ ಹೇಳುವ ಕಥೆಯನ್ನು ಮಿದುಳು ಒಪ್ಪಬೇಕೆಂದಿಲ್ಲ.

ಬೇಡಿ ತೊಡಿಸುವ ಕೈಯೇ ಇಲ್ಲದ ಹರ್ಪಿಸ್ಸಿಗೆ ವೈದ್ಯರು ಏನು ಕೊಡುತ್ತಾರೆ? ಫಾಸ್ಕಾರ್ನೆಟ್. ಸ್ವೀಡನ್ನಿನ ಆಸ್ಟ್ರಾ ಕಂಪನಿಯವರು 1978ರಲ್ಲಿ ಅದರ ಗುಣ ತೋರಿಸಿದರು. ಎಷ್ಟು ಪುಟ್ಟ ಅಣು ಎಂದರೆ ಅದರಲ್ಲಿ ಇಂಗಾಲದ್ದು ಒಂದು ಪರಮಾಣು, ರಂಜಕದ್ದು ಒಂದು, ಸುತ್ತ ಒಂದಿಷ್ಟು ಆಮ್ಲಜನಕ. ಡಿಎನ್‌ಎ ಕಟ್ಟುವ ಯಂತ್ರ ಪ್ರತಿ ಅಕ್ಷರ ಜೋಡಿಸಿದಾಗಲೂ ಅದರ ಬೆನ್ನಿನ ಎರಡು ಫಾಸ್ಫೇಟನ್ನು ಕಿತ್ತು ಹೊರಗೆಸೆಯುತ್ತದೆ. ಭತ್ತದ ಗಿರಣಿಯಲ್ಲಿ ಅಕ್ಕಿ ಒಂದು ಕಡೆ, ತೌಡು ಇನ್ನೊಂದು ಕಡೆ ಬೀಳುವ ಹಾಗೆ. ಫಾಸ್ಕಾರ್ನೆಟ್ ಆ ತೌಡಿನ ತದ್ರೂಪು! ತೌಡು ಬೀಳುವ ಬಾಯಿಗೆ ಹೋಗಿ ಕೂತು ಗಿರಣಿಯನ್ನೇ ನಿಲ್ಲಿಸುತ್ತದೆ. ಯಾರ ಕೈಯಿಂದಲೂ ಫಾಸ್ಫೇಟ್ ಕಟ್ಟಿಸಿಕೊಳ್ಳಬೇಕಾಗಿಲ್ಲ. ಬೆಲೆ ಮಾತ್ರ ಜೋರು: ಮೂತ್ರಪಿಂಡಕ್ಕೆ ಪೆಟ್ಟು, ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟು ತುಟಿ ಜುಮ್ಮೆನ್ನುವುದು, ಕೆಲವೊಮ್ಮೆ ಫಿಟ್ಸ್. ಕಿಡ್ನಿ ಕಸಿಯಾದವರಿಗೆ ಕಿಡ್ನಿ ಕೆಡಿಸುವ ಔಷಧಿ; ವೈದ್ಯರ ಸಂಕಟ ನೀವೇ ಊಹಿಸಿ. ಡಿಎನ್‌ಎಯ ಎರಡು ಎಳೆಗಳನ್ನು ಜ಼ಿಪ್ಪಿನಂತೆ ಬಿಚ್ಚುವ ವೈರಸ್ಸಿನ ಇನ್ನೊಂದು ಕಿಣ್ವವನ್ನೇ ಹಿಡಿಯುವ ಪ್ರಿಟೆಲಿವಿರ್‌ನಂಥ ಹೊಸ ಔಷಧಿಗಳ ಪರೀಕ್ಷೆಯನ್ನು ಆಸೆಯಿಂದ ನೋಡುತ್ತಿರುವುದು ಇದಕ್ಕೇ.

ಹರ್ಪಿಸ್ಸಿನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಸೈಟೊಮೆಗಾಲೊ ವೈರಸ್ಸಿನ ಕಥೆಯನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲಾಗುತ್ತಿಲ್ಲ. ಅದಕ್ಕೆ ಕೊಡುವ ಗ್ಯಾನ್ಸಿಕ್ಲೋವಿರ್ ಕೂಡ ವೈರಸ್ಸಿನ ಕಿಣ್ವದ ಕೈಯಲ್ಲೇ ಸಜ್ಜಾಗುತ್ತದೆ. ಅದಕ್ಕೆ ಬಗ್ಗದ ವೈರಸ್ಸಿಗೆಂದು ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಮ್ಯಾರಿಬಾವಿರ್ ಹಿಡಿಯುವುದು ಅದೇ ಕಿಣ್ವದ ಕತ್ತನ್ನು. ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಒಂದರ ಬಾಣಸಿಗನನ್ನು ಇನ್ನೊಂದು ಕಟ್ಟಿಹಾಕಿರುತ್ತದೆ!

ಔಷಧಿಯೇ ಬೇಡ, ಕಾವಲುಗಾರರನ್ನೇ ಸಾಲ ತರೋಣ ಎಂದವರೂ ಇದ್ದಾರೆ. 1992ರಲ್ಲಿ ಸಿಯಾಟಲ್‌ನ ಸ್ಟ್ಯಾನ್ಲಿ ರಿಡೆಲ್ ಮತ್ತು ಸಂಗಡಿಗರು, ಅಸ್ಥಿಮಜ್ಜೆ ಕೊಟ್ಟವರ ಕಾವಲು ಕೋಶಗಳಾದ ಟಿ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಪಡೆದವರ ಮೈಗೆ ಹರಿಸಿದರು. ಆ ಕೋಶಗಳು ಅಲ್ಲಿ ಕೆಲಸ ಮಾಡಿದವು. ಇನ್ನೂ ದೂರ ಹೋದದ್ದು ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಆಸ್ಪತ್ರೆಯವರು. ಜೆಸಿ ಎಂಬ ವೈರಸ್ಸಿದೆ, 1971ರಲ್ಲಿ ಅದು ಸಿಕ್ಕಿದ ರೋಗಿಯ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ನಿರೋಧಕ ಶಕ್ತಿ ಇಲ್ಲದವರ ಮಿದುಳಿನ ನರತಂತುಗಳ ಹೊದಿಕೆಯನ್ನು ಕರಗಿಸುತ್ತದೆ, ಅದರ ಮೇಲೆ ನೇರವಾಗಿ ಕೆಲಸ ಮಾಡುವ ಔಷಧಿಯೇ ಇಲ್ಲ. ಅದರ ಹತ್ತಿರದ ನೆಂಟ ಬಿಕೆ ವೈರಸ್. ಬಿಕೆಯ ವಿರುದ್ಧ ಪಳಗಿಸಿದ ಪರರ ಟಿ ಕೋಶಗಳು ಜೆಸಿಯನ್ನೂ ಗುರುತು ಹಿಡಿದಾವೇ ಎಂದು ಮೂವರಿಗೆ ಕೊಟ್ಟು ನೋಡಿದರು. ಹಿಡಿದವು! ಇಬ್ಬರ ಬೆನ್ನುಹುರಿಯ ದ್ರವದಿಂದ ವೈರಸ್ ಮಾಯವಾದ ಸುದ್ದಿ 2018ರಲ್ಲಿ ಬಂತು. ಅಣ್ಣನನ್ನು ಹುಡುಕಲು ಬಂದ ಪೊಲೀಸರಿಗೆ ಮುಖಚಹರೆಯಿಂದ ತಮ್ಮ ಸಿಕ್ಕಿಬಿದ್ದ. ಮೂವರೆಂದರೆ ಬಹಳ ಕಡಿಮೆ ಮಂದಿ, ಗೊತ್ತು. ಆದರೂ ಆ ಸುದ್ದಿ ಓದಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ಇನ್ನೊಂದು ಮಾತು ಉಳಿದಿದೆ. ಔಷಧಿಗೆ ಬಗ್ಗದ ಹರ್ಪಿಸ್ ಒಬ್ಬರ ತುಟಿಯಲ್ಲಿ ರಂಪ ಮಾಡಿ ಹೋಯಿತೆನ್ನಿ. ತಿಂಗಳುಗಳ ನಂತರ ಮತ್ತೆ ಗುಳ್ಳೆ ಬಂದಾಗ ಪರೀಕ್ಷಿಸಿದರೆ, ಎಷ್ಟೋ ಸಲ ಅದು ಹಳೆಯ, ಅಸೈಕ್ಲೋವಿರ್‌ಗೆ ಬಗ್ಗುವ ವೈರಸ್ಸೇ ಆಗಿರುತ್ತದೆ. ಹೊರಗೆ ಎಷ್ಟೇ ತಿದ್ದುಪಡಿ ನಡೆದಿರಲಿ, ನರಗಂಟಿನ ಕಪಾಟಿನಲ್ಲಿ ಮೊದಲ ಮುದ್ರಣದ ಪ್ರತಿ ಹಾಗೇ ಇದೆ, ಏಳು ಜಿಗಳೊಂದಿಗೆ.

ಕಳೆದ ತಿಂಗಳು ಅಮ್ಮನಿಗೆ ಸರ್ಪಸುತ್ತು ಆಯಿತು. ಅದೂ ಹರ್ಪಿಸ್ ಬಳಗದ್ದೇ. ಎಳವೆಯಲ್ಲಿ ಬಂದುಹೋದ ಸಿಡುಬಮ್ಮನ ತಂಗಿ, ಸೀತಾಳೆ ಸಿಡುಬಿನ ವೈರಸ್, ಅರವತ್ತು ವರ್ಷ ನರಗಂಟಿನಲ್ಲಿ ಮಲಗಿ ಎದ್ದದ್ದು. 'ಹೆಡೆ ಬಾಲ ಕೂಡೋಕೆ ಬಿಡಬೇಡಿ, ಕೆಮ್ಮಣ್ಣು ಹಚ್ಚಿ' ಎಂದರು ಪಕ್ಕದ ಮನೆಯ ಅಜ್ಜಿ. ಅಮ್ಮ ಕೆಮ್ಮಣ್ಣನ್ನೂ ಹಚ್ಚಿಕೊಂಡಳು, ಮಾತ್ರೆಯನ್ನೂ ನುಂಗಿದಳು. ಅಸೈಕ್ಲೋವಿರ್ 800, ದಿನಕ್ಕೆ ಐದು, ಏಳು ದಿನ. ರಾತ್ರಿ ಹನ್ನೊಂದಕ್ಕೆ ಐದನೆಯದನ್ನು ಕೊಡಲು ಅಲಾರಂ ಇಟ್ಟು ಏಳುತ್ತಿದ್ದೆ. ಅವಳು ಕಣ್ಣು ಬಿಡದೆಯೇ ಬಾಯಿ ತೆರೆಯುತ್ತಿದ್ದಳು. ಲೋಟ ಕೆಳಗಿಟ್ಟು ನಾನು ಅವಳ ಪಕ್ಕೆಲುಬಿನ ಕೆಂಪು ಪಟ್ಟಿಯನ್ನೇ ನೋಡುತ್ತ ಕೂರುತ್ತಿದ್ದೆ. ಆ ಹೊತ್ತಿಗೆ ಒಳಗೆಲ್ಲೋ ವೈರಸ್ಸಿನ ಆತುರದ ಕಿಣ್ವವೊಂದು ಬಾಲ ಮುರಿದ ಜಿ ಒಂದನ್ನು ಹಿಡಿದು, ಅದರ ಬೆನ್ನಿಗೆ ಮೊದಲ ಫಾಸ್ಫೇಟ್ ಕಟ್ಟುತ್ತಿತ್ತು.